ಹೆಸರಿನ ಕೊನೆಯ ‘ರಿ’

ಪರಮೇಶ ಮೊದಲ ದಿನವೇ ಕಂಪ್ಯೂಟರಿಗೆ ‘ನಮಸ್ಕಾರ್ರಿ’ ಅಂದುಬಿಟ್ಟ.

ಅವನು ಹೇಳಿದ್ದು ನಿಜವಾಗಿ ಗುರುದೇವಿಗೆ. ಅವಳು ಮೇಜಿನ ಹಿಂದೆ ಬಗ್ಗಿ ತಂತಿ ಸಿಕ್ಕಿಸುತ್ತಿದ್ದಳು. ಬಾಗಿಲಲ್ಲಿ ನಿಂತವನಿಗೆ ಅವಳ ದುಪಟ್ಟಾದ ಒಂದು ತುದಿ ಕಂಡಿತ್ತು, ಕೂತವರಿಗೆ ಅದೂ ಕಾಣಲಿಲ್ಲ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವಳು ಎದ್ದು ನಿಂತಾಗ ಅವಳ ಮೂಗಿನ ತುದಿಗೆ ಧೂಳು ಹತ್ತಿತ್ತು, ಅವನ ಕಿವಿ ಕೆಂಪಾಗಿತ್ತು.

“ಕಂಪ್ಯೂಟರಿಗೆ ಕನ್ನಡ ಬರಂಗಿಲ್ರಿ,” ಅಂದಳು ಗುರುದೇವಿ. “ನನಗ ಬರತೈತಿ.”

ಅದು ಎರಡು ಸಾವಿರದ ಇಸವಿ. ತೆಲುಗರ ರಾಜಧಾನಿಯ ದಿಲ್‌ಸುಖ್‌ನಗರದಲ್ಲಿ ಯಾವ ಮೆಟ್ಟಿಲು ಹತ್ತಿದರೂ ಮೇಲೊಂದು ಇನ್‌ಸ್ಟಿಟ್ಯೂಟ್ ಇರುತ್ತಿದ್ದ ಕಾಲ. ಕೆಳಗೆ ಚಪ್ಪಲಿ ಅಂಗಡಿ, ಮೇಲೆ ಜಾವಾ. ಕೆಳಗೆ ಟಿಫಿನ್ ಸೆಂಟರ್, ಮೇಲೆ ಒರಾಕಲ್. ಊರಿಗೆ ಊರೇ ಏನಾದರೊಂದು ಕಲಿಯಲು ಹೊರಟಿತ್ತು. ಗುರುದೇವಿ ಬಿ.ಎಸ್ಸಿ. ಮುಗಿಸಿ ಅಂಥದೊಂದು ಮಹಡಿಯಲ್ಲಿ ಸಂಜೆಯ ಬ್ಯಾಚಿಗೆ ಇಂಟರ್‌ನೆಟ್, ಇಮೇಲ್ ಹೇಳಿಕೊಡುತ್ತಿದ್ದಳು. ಅವಳ ಅಪ್ಪ ಮಾಣಿಕಪ್ಪ ರೈಲ್ವೆಯಲ್ಲಿ ಗಾರ್ಡ್. ಮನೆ ಮಲ್ಕಾಜ್‌ಗಿರಿಯಲ್ಲಿ, ಮೂಲ ಕುಷ್ಟಗಿ ಕಡೆ. ಪರಮೇಶ ಲಿಂಗಸುಗೂರಿನವನು. ಜೀಡಿಮೆಟ್ಲಾದ ಒಂದು ಮಾತ್ರೆ ಫ್ಯಾಕ್ಟರಿಯಲ್ಲಿ ಕೆಮಿಸ್ಟ್, ದಿಲ್‌ಸುಖ್‌ನಗರದಲ್ಲಿ ಅಕ್ಕನ ಮನೆಯಲ್ಲಿ ವಾಸ. ದಿನವಿಡೀ ತೆಲುಗಿನ ‘ಅಂಡಿ’ ಕೇಳಿದ ಕಿವಿಗೆ ಸಂಜೆ ಹೊತ್ತು ಒಂದು ‘ರಿ’ ಬಿದ್ದರೆ ಏನಾಗುತ್ತದೆ ಎಂಬುದು ಪರಊರಲ್ಲಿ ಬಾಳಿದವರಿಗೇ ಗೊತ್ತು.

ಅವನಂತೂ ರಿ ಹಂಚುವುದರಲ್ಲಿ ಧಾರಾಳಿ. ಕಂಡಕ್ಟರಿಗೆ ರಿ, ಚಹಾದವನಿಗೆ ರಿ. ಮೆಟ್ಟಿಲಿಗೆ ಅಡ್ಡ ಮಲಗಿದ್ದ ನಾಯಿಗೂ ಒಂದು ದಿನ ‘ಸ್ವಲ್ಪ ಸರೀರಿ’ ಅಂದ. ಹಿಂದೆಯೇ ಬರುತ್ತಿದ್ದ ಗುರುದೇವಿ ಅದನ್ನು ಕೇಳಿ ದುಪಟ್ಟಾದ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಅವನು ತಿರುಗಿ ನೋಡಿದ. ಮುಚ್ಚಿದ ಬಾಯಿಯ ಮೇಲೆ ಅವಳ ಕಣ್ಣುಗಳು ನಗುತ್ತಿದ್ದವು. ಅವತ್ತು ಪಾಠದಲ್ಲಿ ಅವನಿಗೆ ಏನೂ ತಲೆಗೆ ಹೋಗಲಿಲ್ಲ.

ಅವನ ಅಂಗಿಗೆ ಫ್ಯಾಕ್ಟರಿಯ ವಾಸನೆ ಇರುತ್ತಿತ್ತು, ದಿನಕ್ಕೊಂದು ಬಗೆ. ಗುರುದೇವಿ ಅವನ ಪಕ್ಕದಲ್ಲಿ ಬಗ್ಗಿ ಮೌಸ್ ಹಿಡಿಯುವುದನ್ನು ತೋರಿಸುತ್ತ, ಇವತ್ತು ಕೆಮ್ಮಿನ ಔಷಧಿ ಏನು, ಇವತ್ತು ವಿಟಮಿನ್ ಮಾತ್ರೆ ಏನು ಎಂದು ಮೆಲ್ಲಗೆ ಕೇಳುತ್ತಿದ್ದಳು. ಅವಳ ಊಹೆ ಹೆಚ್ಚಾಗಿ ಸರಿಯಾಗಿಯೇ ಇರುತ್ತಿತ್ತು. ಅವನು ದಿನಾ ಹೊರಡುವ ಮೊದಲು ಎರಡು ಸಲ ಕೈ ತೊಳೆಯತೊಡಗಿದ. ವಾಸನೆ ಹೋಗಲಿಲ್ಲ, ಹೋಗಿದ್ದರೆ ಅವಳಿಗೇ ಬೇಸರವಾಗುತ್ತಿತ್ತು.

ಇಮೇಲ್ ವಿಳಾಸದ ಪಾಠ ಬಂತು. ಕ್ಲಾಸಿಗೆ ಅವಳು ತೆಲುಗು, ಹಿಂದಿ, ಇಂಗ್ಲಿಷ್ ಕಲಸಿ ಹೇಳುತ್ತಿದ್ದಳು. ನಡುವಿನ ಸುರುಳಿ ಚಿಹ್ನೆಯ ಎಡಗಡೆ ಮನುಷ್ಯ, ಬಲಗಡೆ ಅವನ ಮನೆ. ನಡುವೆ ಎಲ್ಲೂ ಜಾಗ ಬಿಡುವಂತಿಲ್ಲ. ದೊಡ್ಡಕ್ಷರ, ಚಿಕ್ಕಕ್ಷರ ಯಾವುದಾದರೂ ನಡೆಯುತ್ತದೆ. ಚುಕ್ಕಿ ಇಡಬಹುದು, ಕೆಳಗೆರೆ ಎಳೆಯಬಹುದು, ಆದರೆ ಇಟ್ಟದ್ದನ್ನು ಮರೆಯುವಂತಿಲ್ಲ.

ಎಲ್ಲರೂ ಹೋದ ಮೇಲೆ ಪರಮೇಶ ಕನ್ನಡದಲ್ಲಿ ಮತ್ತೊಮ್ಮೆ ಕೇಳಿದ. ಅರ್ಥವಾಗದೆ ಕೇಳಿದ್ದಲ್ಲ, ಕನ್ನಡದಲ್ಲಿ ಕೇಳಬೇಕೆಂದು ಕೇಳಿದ್ದು. ಆ ಸುರುಳಿಯ ಮೇಲೆ ಬೆರಳಿಟ್ಟು, ಇದು ನಮ್ಮ ಕಡೆ ಕಾಗದದ ಮೇಲೆ ಊರ ಹೆಸರಿನ ಮುಂದೆ ಬರೆಯುವ ‘ಮುಕ್ಕಾಂ ಪೋಸ್ಟ್’ ಅಲ್ಲವೇ ಎಂದ. ಅವಳಿಗೆ ಅದು ಎಷ್ಟು ಹಿಡಿಸಿತೆಂದರೆ ಅವತ್ತಿನಿಂದ ಅವರಿಬ್ಬರ ನಡುವೆ ಆ ಚಿಹ್ನೆಯ ಹೆಸರೇ ಮುಕ್ಕಾಂ ಆಯಿತು.

“ನಮ್ಮೂರ ಪೋಸ್ಟ್‌ಮನ್ ಅರ್ಧ ಹೆಸರು ಬರದ್ರೂ ಮುಟ್ಟಸ್ತಾನ್ರಿ,” ಅಂದ ಪರಮೇಶ.

“ಇಲ್ಲಿ ಪೋಸ್ಟ್‌ಮನ್ ಇಲ್ರಿ,” ಅಂದಳು ಅವಳು. “ಬರದಷ್ಟ ಮುಟ್ಟತೈತಿ.”

ಆಗ ಮೋತಿಮೇಲ್ ಎಂಬ ಕಂಪನಿ ಪುಕ್ಕಟೆ ವಿಳಾಸ ಕೊಡುತ್ತಿತ್ತು. ಒಂದೇ ಷರತ್ತು, ತಿಂಗಳಿಗೆ ಒಮ್ಮೆಯಾದರೂ ಪತ್ರದ ಪೆಟ್ಟಿಗೆ ತೆರೆಯಬೇಕು, ಇಲ್ಲವಾದರೆ ಮುಚ್ಚಿಬಿಡುತ್ತಾರೆ. ಪರಮೇಶ ಎಂಬ ಹೆಸರನ್ನು ಯಾರೋ ಆಗಲೇ ಹಿಡಿದಿದ್ದರಿಂದ ಅವನು ಕೆಳಗೆರೆ ಎಳೆದು ಊರು ಸೇರಿಸಿದ: paramesh_lingasugur. ಇನ್ನು ಇಡೀ ಜಗತ್ತಿನಲ್ಲಿ ಆ ಹೆಸರಿಗೆ ಯಾರೂ ಜಗಳಕ್ಕೆ ಬರುವುದಿಲ್ಲ ಎಂದು ಗುರುದೇವಿ ಅವನನ್ನು ಕಾಡಿಸಿದಳು.

ಅವಳಿಗೇ ಒಂದು ವಿಳಾಸವಿಲ್ಲ ಎಂದು ಅವನಿಗೆ ಗೊತ್ತಾದದ್ದು ಆಗಲೇ. ಇನ್‌ಸ್ಟಿಟ್ಯೂಟಿನ ವಿಳಾಸವೊಂದಿತ್ತು, ಅದನ್ನು ಎಲ್ಲರೂ ತೆರೆಯುತ್ತಿದ್ದರು. ಊರಿಗೆಲ್ಲ ಮನೆ ಕಟ್ಟಿಕೊಟ್ಟು ನೀವು ಮಾತ್ರ ಛತ್ರದಲ್ಲಿ ಇದ್ದೀರಲ್ಲ ಎಂದು ಅವನು ಕುರ್ಚಿ ಬಿಟ್ಟುಕೊಟ್ಟ. ಅವಳು ಹೆಸರು ಒತ್ತಿದಳು. ಗುರುದೇವಿ ಎಂಬವಳೊಬ್ಬಳು ಎಲ್ಲೋ ಆಗಲೇ ಇದ್ದಳು. ಬೇಕಾದರೆ ಗುರುದೇವಿ ಎಪ್ಪತ್ತೇಳು ತೆಗೆದುಕೊಳ್ಳಿ ಎಂದಿತು ಮೋತಿಮೇಲ್. ರೈಲಿನ ಬೋಗಿಯ ಹಾಗೆ ನಂಬರು ಹಾಕಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

“ಗುರುದೇವಿರಿ ಅಂತ ಒತ್ತಿ ನೋಡ್ರಿ,” ಅಂದ ಪರಮೇಶ. “ನಾ ದಿನಾ ಕರೆಯೋ ಹೆಸರು. ಅದನ್ನ ಯಾರು ಹಿಡಿದಾರು?”

ಅವಳು ತಲೆ ಎತ್ತಿ ಅವನನ್ನು ನೋಡಿದಳು. ಅವನು ಕೀಬೋರ್ಡಿನ ಮೇಲಿನ ಧೂಳನ್ನು ಬಹಳ ಶ್ರದ್ಧೆಯಿಂದ ಒರೆಸುತ್ತಿದ್ದ. ಅವಳು ಕೊನೆಗೆ ಎರಡು ಅಕ್ಷರ ಸೇರಿಸಿ ಒತ್ತಿದಳು. ಖಾಲಿ ಇತ್ತು. gurudeviri@motimail.com. ಕೂಡಲೇ ಪೆಟ್ಟಿಗೆಯಲ್ಲಿ ಕಂಪನಿಯವರ ಸ್ವಾಗತ ಪತ್ರ ಬಂದು ಕೂತಿತು. ಆ ವಿಳಾಸವನ್ನು ಅವಳು ಬೇರೆ ಯಾರಿಗೂ ಕೊಡಲಿಲ್ಲ. ಕೇಳಿದವರಿಗೆ ಇನ್‌ಸ್ಟಿಟ್ಯೂಟಿನದು ಕೊಟ್ಟಳು. ಇದು ಒಬ್ಬನಿಗಾಗಿ ತೆಗೆದ ಬಾಗಿಲು.

ಅವರ ಪ್ರೀತಿಯನ್ನು ದೊಡ್ಡದು ಮಾಡಿ ಹೇಳಲು ನನ್ನ ಹತ್ತಿರ ಸಾಮಗ್ರಿ ಕಡಿಮೆ. ಕೈ ಕೈ ಹಿಡಿದು ತಿರುಗಿದವರಲ್ಲ. ಕ್ಲಾಸು ಬಿಟ್ಟ ಮೇಲೆ ಮಲ್ಕಾಜ್‌ಗಿರಿ ಬಸ್ಸು ಬರುವವರೆಗೆ ಸ್ಟಾಪಿನಲ್ಲಿ ನಿಂತು ಮಾತಾಡುತ್ತಿದ್ದರು. ಬಸ್ಸು ಬೇಗ ಬಂದರೆ ಅವಳು ಅದು ತನ್ನದಲ್ಲ ಎಂಬಂತೆ ಮುಖ ತಿರುಗಿಸುತ್ತಿದ್ದಳು. ಅವನು ಬೋರ್ಡು ಓದಿಯೂ ಓದದವನಂತೆ ಸುಮ್ಮನಿರುತ್ತಿದ್ದ. ಇಬ್ಬರೂ ಓದು ಬರಹ ಬಲ್ಲವರು, ಆ ಒಂದು ಬೋರ್ಡು ಮಾತ್ರ ಇಬ್ಬರಿಗೂ ಓದಲು ಬರುತ್ತಿರಲಿಲ್ಲ.

ಅಷ್ಟರಲ್ಲಿ ಫ್ಯಾಕ್ಟರಿಯವರು ಪರಮೇಶನನ್ನು ಗುಜರಾತಿನ ಅಂಕಲೇಶ್ವರದ ಹೊಸ ಘಟಕಕ್ಕೆ ಹಾಕಿದರು. ಹೊರಡುವ ಹಿಂದಿನ ಸಂಜೆ ಅದೇ ಸ್ಟಾಪಿನಲ್ಲಿ ನಿಂತರು. ಗುರುದೇವಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ನಿಮಗ ಒಂದು ಮಾತು ಕೇಳೋದೈತ್ರಿ,” ಅಂದ ಕೊನೆಗೆ. “ಊರಿಗೆ ಹೋಗಿ ಅವ್ವನ ಮುಂದ ಹೇಳಿ, ಆಮ್ಯಾಲ ಬರೀತೀನಿ. ಇಲ್ಲಿ ನಿಂತು ಕೇಳಾಕ ಧೈರ್ಯ ಸಾಲವಲ್ದು.”

ಕೇಳುವ ಮಾತು ಏನೆಂದು ಪಕ್ಕದ ಹಣ್ಣಿನ ಬಂಡಿಯವನಿಗೂ ಗೊತ್ತಾಗಿರಬೇಕು. ಅವನು ತಕ್ಕಡಿ ಹಿಡಿದು ಹಾಗೇ ನಿಂತಿದ್ದ.

“ಬರೀರಿ,” ಅಂದಳು ಗುರುದೇವಿ. “ಆದ್ರ ಆವಾಗ ನನಗ ರಿ ಹಚ್ಚಬ್ಯಾಡ್ರಿ. ಬರೇ ಗುರುದೇವಿ ಅನ್ರಿ. ಅಷ್ಟ ಸಾಕು.”

ಬಸ್ಸು ಬಂತು. ಅವತ್ತು ಬೋರ್ಡು ಇಬ್ಬರಿಗೂ ಓದಲು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಾಗ ಅವನು ಕೆಳಗೆ ನಿಂತು ಅಭ್ಯಾಸ ಮಾಡಿದ: “ಗುರುದೇವಿ…” ನಾಲಿಗೆ ತಡೆಯಲಿಲ್ಲ. “…ರಿ.” ಅವಳು ಬಸ್ಸು ತಿರುಗುವವರೆಗೂ ನಗುತ್ತಿದ್ದಳು.

ಆಮೇಲೆ ಅವಳು ಕಾದಳು.

ಪೆಟ್ಟಿಗೆಯಲ್ಲಿ ಸ್ವಾಗತ ಪತ್ರವೊಂದೇ ಇತ್ತು. ಅವನು ಊರಲ್ಲಿರಬಹುದು, ಅವನ ಅವ್ವ ಒಪ್ಪಿರಲಿಕ್ಕಿಲ್ಲ, ಅಂಕಲೇಶ್ವರದಲ್ಲಿ ಇಂಟರ್‌ನೆಟ್ ಸೆಂಟರ್ ದೂರವಿರಬಹುದು ಎಂದು ಅವನ ಪರವಾಗಿ ತಾನೇ ಕಾರಣ ಕೊಡುತ್ತ ಬಂದಳು. ಕಾರಣಗಳು ಮುಗಿದವು, ಪತ್ರ ಬರಲಿಲ್ಲ.

ಅವಳೇ ಯಾಕೆ ಬರೆಯಲಿಲ್ಲ ಎಂದು ನೀವು ಕೇಳಬಹುದು. ಅವನ ವಿಳಾಸ ಅವಳೇ ಒತ್ತಿಕೊಟ್ಟದ್ದು, ಕೆಳಗೆರೆ ಸಹಿತ ಬಾಯಿಪಾಠ. ಆದರೆ ಏನೆಂದು ಬರೆಯುವುದು? ಮಾತು ಕೇಳುತ್ತೇನೆ ಎಂದವನು ಅವನು. ಯಾಕೆ ಕೇಳಲಿಲ್ಲ ಎಂದು ಹೆಣ್ಣು ಕೇಳಿದರೆ ಅದು ಕೈ ಒಡ್ಡಿದ ಹಾಗಲ್ಲವೇ? ಎಷ್ಟೋ ಸಲ ಅವನ ವಿಳಾಸ ಒತ್ತಿ, ಖಾಲಿ ಪುಟ ನೋಡಿ, ಮುಚ್ಚಿದಳು. ಮನೆಯಲ್ಲಿ ಫೋನೂ ಇತ್ತು, ಆದರೆ ಅದು ಇದ್ದದ್ದು ಮಾಣಿಕಪ್ಪನ ಕುರ್ಚಿಯ ಪಕ್ಕ. ಅವಳಿಗೆ ಸ್ವಾಭಿಮಾನ ಒಂದಿಷ್ಟು ಕಡಿಮೆ ಇದ್ದಿದ್ದರೆ ಈ ಕಥೆ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಅಪ್ಪ ತಂದ ಸಂಬಂಧಗಳಿಗೆ ಅವಳು ಒಂದೊಂದು ಕೊಂಕು ತೆಗೆದಳು. ಅವ್ವ ಸಾಬಮ್ಮ ಕಾರಣ ಕೇಳಿ ಕೇಳಿ ಕೊನೆಗೆ ಕೇಳುವುದನ್ನೇ ಬಿಟ್ಟಳು. ನನ್ನನ್ನು ಅವನು ಬಯಸಲೇ ಇಲ್ಲ, ನಾನೇ ಎಲ್ಲವನ್ನೂ ಕಲ್ಪಿಸಿಕೊಂಡೆ ಎಂಬುದು ಗುರುದೇವಿಯೊಳಗೆ ಗಟ್ಟಿಯಾಗಿ ಕೂತುಬಿಟ್ಟಿತು. ಬೇರೆಯವರು ನೋಡಲು ಬಂದಾಗಲೂ ಅದೇ ಮಾತು ಒಳಗೆ ಏಳುತ್ತಿತ್ತು. ಆದರೂ ತಿಂಗಳಿಗೊಮ್ಮೆ ಆ ಪೆಟ್ಟಿಗೆ ತೆರೆಯುವುದನ್ನು ಬಿಡಲಿಲ್ಲ. ಇನ್‌ಸ್ಟಿಟ್ಯೂಟ್ ಮುಚ್ಚಿತು, ಅವಳು ಮಾಧಾಪುರದ ಒಂದು ಕಂಪನಿ ಸೇರಿದಳು, ಮೊಬೈಲ್ ಕೊಂಡಳು. ಪೆಟ್ಟಿಗೆ ಮಾತ್ರ ತೆರೆದು ನೋಡಿ ಮುಚ್ಚುತ್ತಲೇ ಇದ್ದಳು.

ಎರಡು ಸಾವಿರದ ನಾಲ್ಕರಲ್ಲಿ ಅವಳ ಕಂಪನಿಗೆ ಜೀಡಿಮೆಟ್ಲಾದ ಒಂದು ಫ್ಯಾಕ್ಟರಿಯ ಕೆಲಸ ಸಿಕ್ಕಿತು. ಸಿಬ್ಬಂದಿಗೆಲ್ಲ ಫ್ಯಾಕ್ಟರಿಯ ಹೆಸರಿನಲ್ಲೇ ಇಮೇಲ್ ವಿಳಾಸ ಮಾಡಿಕೊಟ್ಟು, ಬಳಸುವುದನ್ನು ಕಲಿಸಬೇಕು. ಯಾವ ಫ್ಯಾಕ್ಟರಿ ಎಂದು ಅವಳಿಗೆ ಗೊತ್ತಿತ್ತು. ಅವನು ಗುಜರಾತಿನಲ್ಲಿದ್ದಾನೆ, ನನಗೇನು ಎಂದು ಹೊಸ ಸೀರೆ ಉಟ್ಟು ಹೊರಟಳು.

ಕ್ಯಾಂಟೀನಿನಲ್ಲೇ ಕ್ಲಾಸು. ವಿಟಮಿನ್ ಮಾತ್ರೆಯ ವಾಸನೆ ಮೊದಲು ಬಂತು, ಆಮೇಲೆ ಅವನು ಕಂಡ. ಎರಡನೆಯ ಸಾಲಿನ ತುದಿಯಲ್ಲಿ ಕೂತಿದ್ದ. ಹಣೆ ಸ್ವಲ್ಪ ಅಗಲವಾಗಿತ್ತು, ಕಿವಿ ಮಾತ್ರ ಅದೇ ಕೆಂಪು. ಗುರುದೇವಿ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟು, ಮತ್ತೆ ತೆಗೆದುಕೊಂಡು, ಪಾಠ ಶುರು ಮಾಡಿದಳು.

ಮೊದಲು ಹೆಸರು, ಆಮೇಲೆ ಚುಕ್ಕಿ, ಆಮೇಲೆ ಮನೆತನದ ಹೆಸರು. ಇಲ್ಲದ ವಿಳಾಸಕ್ಕೆ ಕಳಿಸಿದರೆ ಪತ್ರ ವಾಪಸು ಬರುತ್ತದೆ, ಹೆದರಬೇಕಿಲ್ಲ ಎಂದಳು. ಹೆದರಬೇಕಾದದ್ದು ಬೇರೆಯವರ ವಿಳಾಸಕ್ಕೆ. ಒಂದಕ್ಷರ ಬಿಟ್ಟರೆ ಇನ್ನೊಬ್ಬರ ಮನೆಯಾಗಬಹುದು, ಅಲ್ಲಿಗೆ ಹೋದದ್ದು ವಾಪಸು ಬರುವುದಿಲ್ಲ. ಈ ಮಾತನ್ನು ಅವಳು ಎಷ್ಟೋ ಕ್ಲಾಸಿನಲ್ಲಿ ಹೇಳಿದ್ದಳು. ಇವತ್ತು ಎರಡನೆಯ ಸಾಲಿನ ತುದಿಯಲ್ಲಿ ಒಬ್ಬ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ.

ಕ್ಲಾಸು ಮುಗಿದ ಮೇಲೆ ಅವನೇ ಎರಡು ಕಪ್ ಚಹಾ ತಂದ. ಸೈಕಲ್ ಸ್ಟ್ಯಾಂಡಿನ ಪಕ್ಕ ನಿಂತರು. ಹೋದ ವರ್ಷ ಇಲ್ಲಿಗೆ ವಾಪಸು ಬಂದದ್ದು, ಹೆಂಡತಿ ವಿಶಾಲಾಕ್ಷಿ, ಮಾತು ಕಲಿಯುತ್ತಿರುವ ಮಗಳು ಎಲ್ಲವನ್ನೂ ಅವನು ಹೇಳಿದ. ಮಗಳ ಹೆಸರು ಲಹರಿ. ಹೆಸರಿನಲ್ಲೇ ರಿ ಇದೆ, ಯಾರಿಗೂ ತೆಗೆಯಲು ಬರುವುದಿಲ್ಲ ಎಂದು ನಕ್ಕ. ಗುರುದೇವಿಯೂ ನಕ್ಕಳು. ಮಗಳ ಬಗ್ಗೆ ಮಾತಾಡುವಾಗ ಅವನ ಮುಖ ಬೆಳಗುತ್ತಿತ್ತು, ಅದನ್ನು ಅವಳು ನೋಡಿದಳು.

ಆಮೇಲೆ ಅವನು ಕಪ್ಪಿನೊಳಗೆ ನೋಡುತ್ತ ಹೇಳಿದ: “ನಿಮ್ಮ ಉತ್ತರ ಬಂದ ಮ್ಯಾಲ ನಾ ಮತ್ತ ಬರೀಲಿಲ್ರಿ. ನೀವೇ ಬ್ಯಾಡ ಅಂದಿದ್ರಿ. ಆ ಪೆಟ್ಟಿಗಿನೂ ಮತ್ತ ತಗೀಲಿಲ್ಲ.”

ಯಾವ ಉತ್ತರ ಎಂದು ಅವಳ ಬಾಯಿಗೆ ಬಂತು. ಅವನು ಮಾತು ನಿಲ್ಲಿಸಲಿಲ್ಲವಾದ್ದರಿಂದ ಅವಳು ಕೇಳಲಿಲ್ಲ.

“ನೀವು ಹೇಳಿದಂಗ ರಿ ತಗದ ಬರದಿದ್ದೆ. ಪತ್ರದಾಗೂ ಹಚ್ಚಲಿಲ್ಲ, ವಿಳಾಸಕ್ಕೂ ಹಚ್ಚಲಿಲ್ಲ. ರಿ ಅಂದ್ರ ಬರೇ ಮರ್ಯಾದಿ, ಹಚ್ಚಿದ್ರೂ ಬಿಟ್ಟರೂ ನೀವೇ ಅಂತ ಅನ್ಕೊಂಡಿದ್ದೆ. ಉತ್ತರನೂ ಗುರುದೇವಿ ಅನ್ನೋ ಹೆಸರಿಂದನ ಬಂತು.” ಅವನು ಬಾಯಿಪಾಠ ಒಪ್ಪಿಸುವಂತೆ ಹೇಳಿದ: “‘ನಾನು ನಿಮ್ಮ ಗುರುದೇವಿ ಅಲ್ಲ. ದಯವಿಟ್ಟು ಇನ್ನು ಮುಂದೆ ಬರೆಯಬೇಡಿ.’”

ಸೈಕಲ್ಲಿನ ಹ್ಯಾಂಡಲನ್ನು ಗುರುದೇವಿ ಗಟ್ಟಿಯಾಗಿ ಹಿಡಿದಳು.

ಎಲ್ಲೋ ಒಬ್ಬ ಗುರುದೇವಿ. ಮೈಸೂರಿನವಳೋ ಬೆಂಗಳೂರಿನವಳೋ, ‘ಬರೆಯಬೇಡಿ’ ಎನ್ನುವ ಕಡೆಯವಳು. ಗುರುತಿಲ್ಲದವನ ಪ್ರೇಮಪತ್ರ ತನ್ನ ಮನೆಗೆ ಬಂದದ್ದನ್ನು ಕಂಡು, ಪಾಪ, ಮರ್ಯಾದೆಯಿಂದ ಇದ್ದದ್ದನ್ನೇ ಬರೆದಿದ್ದಾಳೆ. ನಾನು ನಿಮ್ಮ ಗುರುದೇವಿ ಅಲ್ಲ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

“ಒಂದು ರಿ ಸೈತ ಇರಲಿಲ್ರಿ ಅದರಾಗ,” ಅಂದ ಪರಮೇಶ. “ಬರೀಬ್ಯಾಡ್ರಿ ಅಂದಿದ್ರ ನಿಮ್ಮ ಮಾತು ಕೇಳಿದಂಗ ಆಗತಿತ್ತು. ದೂರ ಮಾಡಾಕ ಹಂಗ ಪುಸ್ತಕದ ಭಾಷಾದಾಗ ಬರದೀರಿ ಅಂತ ತಿಳ್ಕೊಂಡೆ. ಇವತ್ತ ಕ್ಲಾಸಿನಾಗ ನೀವು ಹೇಳಿದ್ದು ಕೇಳಿ, ಆ ಹೆಸರು ಆವಾಗ ಯಾರೋ ಹಿಡದಿದ್ರಲ್ಲ ಅಂತ ನೆನಪಾಗಿ ಎದಿ ಝಲ್ ಅಂತು.” ಈಗ ಅವನು ನೇರವಾಗಿ ಅವಳ ಕಣ್ಣನ್ನೇ ನೋಡಿದ. “ಅದನ್ನ ಬರದವರು ನೀವೇ, ಹೌದಲ್ರಿ?”

ಇಷ್ಟು ವರ್ಷ ಅವಳು ತಿಳಿಯಬೇಕೆಂದದ್ದು ಒಂದೇ, ಅವನು ಕೇಳಿದನೋ ಇಲ್ಲವೋ. ಕೇಳಿದ್ದ. ಆ ಸಂತೋಷ ಎಷ್ಟು ಜೋರಾಗಿ ಬಂತೆಂದರೆ ಅದು ದುಃಖವೇ ಎಂದು ಗೊತ್ತಾಗಲು ಒಂದು ಕ್ಷಣ ಬೇಕಾಯಿತು. ಅಲ್ಲ, ನಾನಲ್ಲ ಎನ್ನಲು ಒಂದು ಉಸಿರು ಸಾಕು. ಆದರೆ ಅಂದ ಮೇಲೆ ಇವನು ಮನೆಗೆ ಹೇಗೆ ಹೋಗುತ್ತಾನೆ? ವಿಶಾಲಾಕ್ಷಿ ಬಡಿಸಿದ ಊಟಕ್ಕೆ ಹೇಗೆ ಕೂರುತ್ತಾನೆ? ಮಗಳನ್ನು ಲಹರಿ ಎಂದು ಕರೆದಾಗಲೆಲ್ಲ ಕೊನೆಯ ಅಕ್ಷರ ಅವನಿಗೆ ಏನು ಹೇಳೀತು? ಅವನು ಈಗ ಒಂದು ‘ಬೇಡ’ವನ್ನು ನುಂಗಿ ಬದುಕಿಯಾಗಿದೆ. ಹೂಂ ಎಂಬುದನ್ನು ನುಂಗುವುದು ಅದಕ್ಕಿಂತ ಕಷ್ಟ. ಅದು ಗುರುದೇವಿಗೆ ಆ ಗಳಿಗೆಯಿಂದಲೇ ಗೊತ್ತಾಗತೊಡಗಿತ್ತು.

“ಹೌದ್ರಿ,” ಅಂದಳು. “ನಾನೇ ಬರದಿದ್ದು.”

ಅವನು ಉಸಿರು ಬಿಟ್ಟ. ಮುಖದಲ್ಲಿ ಸಮಾಧಾನವೂ ಇತ್ತು, ಅದರ ಕೆಳಗೆ ಇನ್ನೇನೋ ಇತ್ತು. ಅವಳು ಅದನ್ನು ಬಹಳ ಹೊತ್ತು ನೋಡುವ ಧೈರ್ಯ ಮಾಡಲಿಲ್ಲ.

ಆದರೆ ಒಂದು ಆಸೆಯನ್ನು ಮಾತ್ರ ತಡೆಯಲಾಗಲಿಲ್ಲ. ಅವತ್ತು ಸಿಟ್ಟಿನಲ್ಲಿ ಪತ್ರವನ್ನು ಪೂರ್ತಿ ಓದಲಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿ, ಏನು ಬರೆದಿದ್ದಿರಿ ಎಂದು ಕೇಳಿದಳು.

ಅವನ ಕಿವಿ ಮತ್ತೆ ಕೆಂಪಾಯಿತು. “ದೊಡ್ಡದೇನಿಲ್ರಿ. ‘ನನ್ನ ಗುರುದೇವಿ, ಅವ್ವ ಒಪ್ಯಾಳ. ನಿಮ್ಮ ಮನಿಗೆ ಯಾವಾಗ ಬರಲಿ?’ ಅಷ್ಟ.”

ಅವಳು ಖಾಲಿ ಕಪ್ಪನ್ನು ಬಾಯಿಗಿಟ್ಟು ಕುಡಿದಂತೆ ಮಾಡಿದಳು. ಫ್ಯಾಕ್ಟರಿಯ ಸೈರನ್ ಕೂಗಿತು. ಅವನು ಇಬ್ಬರ ಕಪ್ಪನ್ನೂ ತೆಗೆದುಕೊಂಡ. ನಾಲ್ಕು ಹೆಜ್ಜೆ ಹೋಗಿ ತಿರುಗಿದ.

“ಬರ್ತೀನ್ರಿ, ಗುರುದೇವಿರಿ.”

ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ವಿಳಾಸ ಈಗ ಸರಿಯಾಗಿತ್ತು.

ಸಂಜೆ ಅವಳು ಮಲ್ಕಾಜ್‌ಗಿರಿ ಸ್ಟೇಷನ್ನಿನ ಎದುರಿನ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಆ ಪೆಟ್ಟಿಗೆ ತೆರೆದಳು. ಸ್ವಾಗತ ಪತ್ರ ಹಾಗೇ ಇತ್ತು. ಹೊಸ ಪುಟ ತೆಗೆದು paramesh_lingasugur ಎಂದು ಒತ್ತಿದಳು. ಕೆಳಗೆರೆ ಮರೆಯಲಿಲ್ಲ. ಅವನು ತೆರೆಯದೆ ಬಿಟ್ಟ ಪೆಟ್ಟಿಗೆಯನ್ನು ಮೋತಿಮೇಲ್‌ನವರು ಎಂದೋ ಮುಚ್ಚಿರುತ್ತಾರೆ, ಆ ಹೆಸರನ್ನು ಬೇರೆ ಯಾರೂ ಹಿಡಿದಿರುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬರೆದಳು: “ಹೂಂ. ಬರ್ರಿ. ಅಪ್ಪನ ಮುಂದ ನಾ ಹೇಳ್ತೀನಿ.”

ಕಳಿಸಿದಳು. ಹೊರಗೆ ಒಂದು ಲೋಕಲ್ ಗಾಡಿ ಬಂದು ನಿಂತು, ಜನರನ್ನು ಇಳಿಸಿ ಹೋಯಿತು. ಅಷ್ಟರಲ್ಲಿ ಪೆಟ್ಟಿಗೆಗೆ ಪತ್ರ ಬಂತು. ಈ ಹೆಸರಿನವರು ಇಲ್ಲಿ ಯಾರೂ ಇಲ್ಲ, ನಿಮ್ಮ ಪತ್ರವನ್ನು ಹಿಂತಿರುಗಿಸಲಾಗಿದೆ ಎಂದಿತ್ತು. ಕೆಳಗೆ ಅವಳ ಹೂಂ ಹಾಗೇ ಇತ್ತು.

ಅಷ್ಟು ವರ್ಷಗಳಲ್ಲಿ ಆ ವಿಳಾಸಕ್ಕೆ ಬಂದ ಎರಡನೆಯ ಪತ್ರ ಅದು. ಗುರುದೇವಿ ಅದನ್ನು ಪೂರ್ತಿ ಓದಿದಳು. ಮುಂದಿನ ತಿಂಗಳು ಅವಳು ಪೆಟ್ಟಿಗೆ ತೆರೆಯಲಿಲ್ಲ.